ಯಾರ ಕೋಲು, ಯಾರ ಮೊಳ?



ಕಾಣಕೋಣದ ಪೇಟೆಯಲ್ಲಿ ಹೂ ಮಾರುವ ಹೆಂಗಸಿನ ಎದುರು ಒಂದು ಗಳಿಗೆ ನಿಂತು ನೋಡಿ. ಅಬ್ಬಲಿಗೆಯ ದಂಡೆಯನ್ನು ಆಕೆ ಬೆರಳ ತುದಿಯಿಂದ ಮೊಣಕೈವರೆಗೆ ಎಳೆದು, 'ಇದು ಒಂದು ಮೊಳ' ಅನ್ನುತ್ತಾಳೆ. ಕೊಳ್ಳಲು ಬಂದವರು ಸುಮ್ಮನಿರುತ್ತಾರೆಯೆ? ತಮ್ಮ ಕೈಯನ್ನು ಚಾಚಿ, 'ನನ್ನ ಕೈಗೆ ಮುಕ್ಕಾಲು ಮೊಳವೂ ಆಗಲಿಲ್ಲವಲ್ಲ' ಅನ್ನುತ್ತಾರೆ. ಇಬ್ಬರ ಮಾತೂ ನಿಜ. ಆಕೆಯ ಮೊಳ ಆಕೆಯದು, ಇವರ ಮೊಳ ಇವರದು. ಹೂವಿನ ವ್ಯಾಪಾರದಲ್ಲಿ ಈ ಜಗಳ ನಗೆಯಲ್ಲಿ ಮುಗಿಯುತ್ತದೆ. ನಾಲ್ಕು ಹೂ ಹೆಚ್ಚು ಕೊಟ್ಟರೆ ಆಯಿತು. ಆದರೆ ಮನೆಯ ವಿಷಯದಲ್ಲಿ, ಹಿತ್ತಲಿನ ವಿಷಯದಲ್ಲಿ, ಅಣ್ಣ ತಮ್ಮಂದಿರ ಪಾಲಿನ ವಿಷಯದಲ್ಲಿ ಈ ಮಾತು ನಗೆಯಲ್ಲಿ ಮುಗಿಯುವುದಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಅಳತೆಯ ಈ ಕಥೆಯನ್ನು. ಅದು ನಮ್ಮ ಹಿತ್ತಲಿನಿಂದ ಹೊರಟು ಪರ್ಷಿಯಾ ದೇಶದ ಅರಮನೆಗಳವರೆಗೆ ಹೋಗುತ್ತದೆ, ಮತ್ತೆ ನಮ್ಮ ಹಿತ್ತಲಿಗೇ ಬರುತ್ತದೆ.

ಮೊದಲು ಹಿತ್ತಲಿನ ಮಾತು. ನನ್ನ ತಾಯಿಯ ತವರುಮನೆ ಮಾಜಾಳಿಯ ಕಡೆ, ಗಡಿಯಿಂದ ಆಚೆ. ಚಿರೇಕಲ್ಲಿನ ಗೋಡೆ, ಹಲಸಿನ ಮರದ ಕಂಬ, ಮೇಲೆ ಮಂಗಳೂರು ಹೆಂಚು, ಮುಂದೆ ಉದ್ದನೆಯ ಜಗಲಿ. ಅಜ್ಜನ ಕಾಲದ ವಿಭಾಗ ಪತ್ರವೊಂದು ಆ ಮನೆಯ ಮರದ ಪೆಟ್ಟಿಗೆಯಲ್ಲಿತ್ತು. ಅದರಲ್ಲಿ ಬರೆದದ್ದು ಇಷ್ಟೇ: ಜಗಲಿಯ ಕಟ್ಟೆಯಿಂದ ಪಡುವಣಕ್ಕೆ 22 ಕೋಲು ಹಿರಿಯ ಮಗನಿಗೆ, ಅದರಾಚೆಯದು ಕಿರಿಯವನಿಗೆ. ಎರಡು ತಲೆಮಾರು ಯಾರೂ ಆ ಪತ್ರವನ್ನು ಬಿಚ್ಚಿ ನೋಡಲಿಲ್ಲ. ಬೇಲಿಯೂ ಇರಲಿಲ್ಲ, ಬೇಕೂ ಆಗಿರಲಿಲ್ಲ. ನನ್ನ ಸೋದರಮಾವಂದಿರು ತೀರಿಕೊಂಡ ಮೇಲೆ ಅವರ ಮಕ್ಕಳು ಕಲ್ಲಿನ ಕಂಪೌಂಡು ಹಾಕುವ ಮಾತೆತ್ತಿದರು. ಪತ್ರ ಹೊರಗೆ ಬಂತು. ಅದರ ಜೊತೆಗೆ ಒಂದು ಪ್ರಶ್ನೆಯೂ ಹೊರಗೆ ಬಂತು: ಒಂದು ಕೋಲು ಅಂದರೆ ಎಷ್ಟು?

ಹಿರಿಯನ ಮಗ ಹೇಳಿದ, 'ಕೋಲು ಅಂದ್ರೆ ಎರಡೂವರೆ ಅಡಿ. ಬಾವಿ ತೋಡುವವರನ್ನು ಕೇಳಿ ಬೇಕಾದ್ರೆ.' ಕಿರಿಯನ ಮಗ ಹೇಳಿದ, 'ಅಲ್ಲ, ಎರಡೂಕಾಲು ಅಡಿ. ನಮ್ಮಪ್ಪ ಹಾಗೇ ಹೇಳ್ತಿದ್ರು.' ವ್ಯತ್ಯಾಸ ಕಾಲು ಅಡಿ, ಅಂದರೆ ಮೂರು ಇಂಚು. ಆದರೆ ಅದನ್ನು 22ರಿಂದ ಗುಣಿಸಿ ನೋಡಿ. ಒಬ್ಬನ ಲೆಕ್ಕಕ್ಕೆ 55 ಅಡಿ, ಇನ್ನೊಬ್ಬನ ಲೆಕ್ಕಕ್ಕೆ ನಲವತ್ತೊಂಬತ್ತೂವರೆ ಅಡಿ. ನಡುವೆ ಐದೂವರೆ ಅಡಿ ಅಗಲದ ಒಂದು ಪಟ್ಟಿ. ಆ ಪಟ್ಟಿಯಲ್ಲೇ ಇತ್ತು ಬಾವಿಗೆ ಹೋಗುವ ದಾರಿ.

ಇಬ್ಬರೂ ವಕೀಲರ ಮನೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಹಿರಿಯವನು ನನ್ನನ್ನು ಕರೆಸಿದ. 'ಭಾವ, ಮೂವತ್ತು ವರ್ಷ ಗಣಿತ ಕಲಿಸಿದವ ನೀನು. ಒಂದು ಕೋಲು ಎಷ್ಟು ಅಂತ ಹೇಳಿಬಿಡು' ಅಂದ. ನನಗೆ ಗೊತ್ತಿರಲಿಲ್ಲ. ಮನೆ ಕಟ್ಟಿದ ಆಚಾರಿಯ ಕೋಲು ಸಿಕ್ಕಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹುಡುಕಿದೆವು. ಅಟ್ಟದ ಮೇಲೆ ನೊಗ ಸಿಕ್ಕಿತು, ಹಳೆಯ ಪಕಾಸು ಸಿಕ್ಕಿತು, ಕೋಲು ಸಿಗಲಿಲ್ಲ. ಯಾವುದೋ ಮಳೆಗಾಲದಲ್ಲಿ ಒಲೆಗೆ ಹೋಗಿರಬೇಕು.

ಕೋಲು ಇಲ್ಲದೆ ಕೋಲಿನ ಉದ್ದ ತಿಳಿಯುವುದು ಹೇಗೆ? ಈ ಪ್ರಶ್ನೆಯನ್ನು ನಮಗಿಂತ ಮೊದಲು ಕೇಳಿದವರು ಬೇರೆ ಕಡೆ ಇದ್ದಾರೆ. ಸ್ವಲ್ಪ ಹೊತ್ತು ನಮ್ಮ ಜಗಲಿ ಬಿಟ್ಟು ಅಲ್ಲಿಗೆ ಹೋಗೋಣ.

ಇಂದಿನ ಇರಾನ್ ದೇಶದಲ್ಲಿ ಪರ್ಸೆಪೊಲಿಸ್ ಎಂಬ ಊರಿನ ಅವಶೇಷಗಳಿವೆ. ಕ್ರಿಸ್ತಪೂರ್ವ 518ರ ಸುಮಾರಿಗೆ ದಾರಯವುಷ್ ಎಂಬ ದೊರೆ, ನಾವು ಚರಿತ್ರೆಯ ಪುಸ್ತಕದಲ್ಲಿ ಡೇರಿಯಸ್ ಎಂದು ಓದಿದವನು, ಅಲ್ಲಿ ಅರಮನೆಗಳನ್ನು ಕಟ್ಟಿಸಲು ತೊಡಗಿದ. ಅವುಗಳಲ್ಲಿ ದೊಡ್ಡದು ಅಪಾದಾನ ಎಂಬ ಸಭಾಮಂದಿರ. ಅದರ ನಡುವಿನ ಚೌಕ ಒಂದೊಂದು ಬದಿಗೆ ಸುಮಾರು 60 ಮೀಟರ್. ಒಳಗೆ ಆರು ಸಾಲು, ಸಾಲಿಗೆ ಆರರಂತೆ 36 ಕಂಬಗಳು. ಮೂರು ಕಡೆಯ ಮೊಗಸಾಲೆಗಳಲ್ಲಿ ಹನ್ನೆರಡರಂತೆ ಇನ್ನೂ 36. ಒಟ್ಟು 72 ಕಂಬ, ಒಂದೊಂದೂ ಹತ್ತೊಂಬತ್ತು ಇಪ್ಪತ್ತು ಮೀಟರ್ ಎತ್ತರ. ನಮ್ಮ ತೆಂಗಿನ ಮರಗಳನ್ನು ಸಾಲಾಗಿ ನಿಲ್ಲಿಸಿ ಮೇಲೆ ಮಾಡು ಹಾಕಿದ ಹಾಗೆ. ಇವತ್ತು ನಿಂತಿರುವುದು ಬೆರಳೆಣಿಕೆಯ ಕಂಬಗಳು ಮಾತ್ರ.

ಅಷ್ಟು ದೊಡ್ಡ ಕಟ್ಟಡವನ್ನು ಯಾವ ಕೋಲಿನಿಂದ ಅಳೆದರು? ಆ ಕೋಲು ಯಾರಿಗೂ ಸಿಕ್ಕಿಲ್ಲ. ಅದಕ್ಕೆ ವಿದ್ವಾಂಸರು ಕಟ್ಟಡವನ್ನೇ ಕೇಳಿದರು. ಬಾಗಿಲು, ಕಿಟಕಿ, ಮೆಟ್ಟಿಲು, ಕಂಬದ ಪೀಠ, ಕಂಬದಿಂದ ಕಂಬಕ್ಕೆ ಇರುವ ದೂರ ಎಲ್ಲವನ್ನೂ ಅಳೆದು, ಯಾವ ಒಂದು ಅಳತೆಯಿಂದ ಭಾಗಿಸಿದರೆ ಇವೆಲ್ಲ ಶೇಷವಿಲ್ಲದೆ ಪೂರ್ಣ ಸಂಖ್ಯೆಗಳಾಗುತ್ತವೆ ಎಂದು ನೋಡಿದರು. ಮೈಕೇಲ್ ರೋಫ್ ಎಂಬ ವಿದ್ವಾಂಸರು 1978ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಅಲ್ಲಿಯ ಅಡಿ ಸುಮಾರು 34.7 ಸೆಂಟಿಮೀಟರ್, ಒಂದೂವರೆ ಅಡಿಯ ಮೊಳ ಸುಮಾರು 52 ಸೆಂಟಿಮೀಟರ್. ಈಗ ನೀವೇ ಪರೀಕ್ಷಿಸಿ. ಆರು ಕಂಬದ ಸಾಲು ಅಂದರೆ ಗೋಡೆಯಿಂದ ಗೋಡೆಗೆ ಏಳು ಅಂಕಣ. ಅರವತ್ತು ಚಿಲ್ಲರೆ ಮೀಟರನ್ನು ಏಳರಿಂದ ಭಾಗಿಸಿದರೆ ಒಂದು ಅಂಕಣ ಎಂಟು ಮೀಟರ್ ಅರುವತ್ತು ಚಿಲ್ಲರೆ ಸೆಂಟಿಮೀಟರ್. ಅದನ್ನು 34.7ರಿಂದ ಭಾಗಿಸಿ. ಇಪ್ಪತ್ತೈದರ ತೀರ ಹತ್ತಿರ ಬರುತ್ತದೆ. ಕಟ್ಟಿದವನ ಮನಸ್ಸಿನಲ್ಲಿ ಇದ್ದ ಸಂಖ್ಯೆ ಎರಡೂವರೆ ಸಾವಿರ ವರ್ಷದ ಮೇಲೆ ನಮ್ಮ ಕಾಗದದ ಮೇಲೆ ಬಂದ ಹಾಗಾಯಿತು.

ಇನ್ನೊಂದು ಸಂಗತಿ. ಇದೇ ದೊರೆ ಸೂಸಾ ಎಂಬ ಊರಿನಲ್ಲಿ ಕಟ್ಟಿಸಿದ ಅರಮನೆಯ ಶಾಸನ ಸಿಕ್ಕಿದೆ. ಅದು ನಮ್ಮ ಕಡೆಯ ಮನೆ ಕಟ್ಟಿದ ಲೆಕ್ಕದ ಪುಸ್ತಕದ ಹಾಗೆಯೇ ಇದೆ. ದೇವದಾರು ಮರ ಲೆಬನಾನಿನಿಂದ ಬಂತು, ಚಿನ್ನ ಸಾರ್ಡಿಸ್ ಮತ್ತು ಬ್ಯಾಕ್ಟ್ರಿಯದಿಂದ ಬಂತು, ಆನೆಯ ದಂತ ಬಂದ ಕಡೆಗಳಲ್ಲಿ ಹಿಂದೂ ದೇಶವೂ ಒಂದು, ಎಂದರೆ ಸಿಂಧೂ ನದಿಯ ಸೀಮೆ. ಅಡಿಪಾಯಕ್ಕೆ ನೆಲ ಅಗೆದು ಜಲ್ಲಿ ತುಂಬಿದ್ದು ಒಂದು ಕಡೆ 40 ಮೊಳ ಆಳ, ಇನ್ನೊಂದು ಕಡೆ 20 ಮೊಳ. ಈ ಮೊಳಕ್ಕೆ ಅವರ ಭಾಷೆಯಲ್ಲಿ ಇದ್ದ ಶಬ್ದ 'ಅರಶ್ನಿ'. ಸಂಸ್ಕೃತದಲ್ಲಿ ಮೊಳಕ್ಕೆ 'ಅರತ್ನಿ' ಎಂಬ ಶಬ್ದವಿದೆ. ಎರಡೂ ಒಂದೇ ಬೇರಿನ ಶಬ್ದಗಳು. ಎರಡರ ಮೂಲವೂ ಮೊಣಕೈ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಎಂಟು ಜವೆಕಾಳಿನ ಅಗಲ ಒಂದು ಅಂಗುಲ, ಹನ್ನೆರಡು ಅಂಗುಲ ಒಂದು ಗೇಣು, ಎರಡು ಗೇಣು ಒಂದು ಅರತ್ನಿ ಎಂಬ ಲೆಕ್ಕವಿದೆ. ನಮ್ಮ ಹೂವಿನವಳ ಮೊಳವೂ ಅದೇ ಬೆರಳು, ಅದೇ ಗೇಣು, ಅದೇ ಮೊಣಕೈ.

ಆದರೆ ಅರಮನೆಗೆ ಬೇರೆ ಬೇರೆ ಕೈಯ ಮೊಳ ನಡೆಯುವುದಿಲ್ಲ. ಹತ್ತು ಸೀಮೆಯ ಕಲ್ಲುಕುಟಿಗರು ಕೂಡಿ ಕೆಲಸ ಮಾಡುವಾಗ ಒಬ್ಬನ ಕಂಬ ಇನ್ನೊಬ್ಬನ ಪೀಠದ ಮೇಲೆ ಕೂರಬೇಕು. ಅಲ್ಲಿ ಮೊಳ ಮನುಷ್ಯನ ಮೈಯಿಂದ ಇಳಿದು ಕೋಲಿಗೆ ಬರುತ್ತದೆ. ನಮ್ಮ ಕನ್ನಡ ನಾಡಿನ ಶಾಸನಗಳಲ್ಲಿ ಭೂಮಿ ದಾನ ಕೊಡುವಾಗ ಇಂಥ ಗಳೆಯಿಂದ ಅಳೆದ ಇಷ್ಟು ಮತ್ತರು ಎಂದು ಗಳೆಯ ಹೆಸರನ್ನೂ ಬರೆಯುತ್ತಿದ್ದರು. ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡದ ಕಂಬವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಶಾಸನಗಳಲ್ಲಿ 'ಭೇರುಂಡ ಗಳೆ' ಎಂಬ ಅಳತೆಯ ಹೆಸರೂ ಬರುತ್ತದೆ. ನಮ್ಮ ಅಜ್ಜನ ಪತ್ರದಲ್ಲಿ ಇಲ್ಲದೆ ಹೋದದ್ದು ಈ ಒಂದು ಮಾತು: ಯಾವ ಕೋಲು ಎಂಬುದು.

ಪರ್ಷಿಯದ ಮಾತು ನಮಗೆ ದೂರದ್ದು ಅಂತ ತಿಳಿಯಬೇಡಿ. ಗೋವೆ ಪೋರ್ಚುಗೀಜರ ಕೈಗೆ ಹೋದದ್ದು 1510ರಲ್ಲಿ. ಅದಕ್ಕೆ ಮುಂಚೆ ಇದು ಬಿಜಾಪುರದ ಯೂಸುಫ್ ಆದಿಲ್ ಶಾಹನ ಕೈಯಲ್ಲಿತ್ತು. ಪಣಜಿಯ ಹೊಳೆಯ ದಂಡೆಯ ಮೇಲೆ ಅವನು ಕಟ್ಟಿಸಿದ ಅರಮನೆ ಇದೆ. ಪೋರ್ಚುಗೀಜರು ಅವನ ಮನೆತನವನ್ನು 'ಇದಲ್ಕಾಂವ್' ಅಂದರು, ಆದಿಲ್ ಖಾನ್ ಎಂಬ ಹೆಸರಿನ ಅಪಭ್ರಂಶ ಅದು. 1759ರಿಂದ ಅಲ್ಲಿ ವೈಸರಾಯರು ಇದ್ದರು. ಗೋವೆಯ ವಿಮೋಚನೆಯ ಮೇಲೆ ಸಚಿವಾಲಯ, ವಿಧಾನಸಭೆ ಅಲ್ಲಿಯೇ ನಡೆದವು. 2000ದಲ್ಲಿ ವಿಧಾನಸಭೆ ಪರ್ವರಿಗೆ ಹೋಯಿತು. ಅಷ್ಟು ಕೈಗಳು ತಿದ್ದಿದ ಮೇಲೆ ಅದರಲ್ಲಿ ಮೊದಲಿನ ಅಳತೆ ಹುಡುಕುವುದು ಕಷ್ಟ. ಹಳೆಯ ಗೋವೆಯಲ್ಲಿ ಇನ್ನೊಂದು ಅರಮನೆ ಇತ್ತು. 1554ರವರೆಗೆ ಪೋರ್ಚುಗೀಜ್ ಗವರ್ನರರು ಅದರಲ್ಲೇ ಇದ್ದರು. ಈಗ ಉಳಿದಿರುವುದು ಸಂತ ಕಾಜೆತಾನರ ಇಗರ್ಜಿಯ ಬಳಿ ಕರಿಕಲ್ಲಿನ ಒಂದು ಬಾಗಿಲುವಾಡ ಮಾತ್ರ. ಪೂರ್ತಿ ಅರಮನೆ ಹೋಗಿ ಬಾಗಿಲೊಂದು ನಿಂತಿದೆ. ಹೋದಾಗ ಒಮ್ಮೆ ನಿಂತು ನೋಡಿ: ಅದರಲ್ಲಿ ಕಮಾನು ಇಲ್ಲ. ಎರಡು ಕಡೆ ಕೆತ್ತಿದ ನಿಲುವುಗಲ್ಲು, ಮೇಲೆ ಅಡ್ಡಗಲ್ಲು. ನಮ್ಮ ದೇವಸ್ಥಾನಗಳ ಬಾಗಿಲಿನ ಹಾಗೆ. ತಾಂಬ್ಡಿ ಸುರ್ಲದ ಮಹಾದೇವ ದೇವಸ್ಥಾನ, ಕಿತ್ತೂರಿನ ಕಡೆಯ ದೇಗಾಂವದಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ದೇವಸ್ಥಾನ, ಇವುಗಳ ಬಾಗಿಲು ನೋಡಿದ ಕಣ್ಣಿಗೆ ಅದು ಗುರುತಿನದೇ ಅನ್ನಿಸುತ್ತದೆ. ದೊರೆ ಯಾವ ದೇಶದ ಮಾತನ್ನಾದರೂ ಆಡಲಿ, ಕಲ್ಲು ಕಡಿದ ಕೈ ಈ ನೆಲದ್ದು.

ಪರ್ಷಿಯದ ಕಡೆಯ ಕಟ್ಟಡದ ಲೆಕ್ಕ ನಮ್ಮ ನೆಲದಲ್ಲಿ ಚೆನ್ನಾಗಿ ಕಾಣುವುದು ಬಿಜಾಪುರದ ಗೋಳಗುಮ್ಮಟದಲ್ಲಿ. ಅದು 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಗೋರಿ. ಒಳಗೆ ಒಂದೊಂದು ಬದಿಗೆ ಸುಮಾರು 135 ಅಡಿಯ ಚೌಕ. ನಡುವೆ ಒಂದೂ ಕಂಬವಿಲ್ಲ. ಮೇಲೆ ಒಳಗಿನಿಂದ ಸುಮಾರು 124 ಅಡಿ ಅಡ್ಡಳತೆಯ ಗುಮ್ಮಟ. ಚೌಕದ ಮೇಲೆ ದುಂಡಗಿನ ಗುಮ್ಮಟ ಕೂರಿಸುವುದು ಹೇಗೆ? ಮೂಲೆಗಳಲ್ಲಿ ಆಧಾರವಿಲ್ಲವಲ್ಲ. ಇದಕ್ಕೆ ಅವರು ಮಾಡಿದ ಉಪಾಯ ಕೇಳಿ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಇಟ್ಟು ನೋಡಿ, ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಎಂಟು ಮೂಲೆಯ ರಂಗೋಲಿ ಹಾಕುವ ಹಾಗೆ. ಆ ರಂಗೋಲಿಯ ಗೆರೆಗಳ ಮೇಲೆ ಎಂಟು ಕಮಾನುಗಳನ್ನು ಒಂದನ್ನೊಂದು ಕತ್ತರಿಸಿ ಹೋಗುವಂತೆ ಎಬ್ಬಿಸಿದರು. ಕಮಾನು ಮೇಲೆ ಹೋದಂತೆ ಒಳಗೆ ಬಾಗಿತು, ಬಾಯಿ ಕಿರಿದಾಯಿತು, ಚೌಕ ಎಂಟು ಮೂಲೆಯಾಗಿ ದುಂಡಗಾಯಿತು. ಗುಮ್ಮಟದ ಭಾರ ಆ ಕಮಾನುಗಳ ಮೇಲೆ ಇಳಿದು ಗೋಡೆಗೆ ಹೋಯಿತು.

ಈ ಓರೆ ಚೌಕದ ಲೆಕ್ಕಕ್ಕೆ ದೊಡ್ಡ ಗಣಿತ ಬೇಕಾಗಿಲ್ಲ. ಚೌಕದ ಬದಿ ಐದು ಆದರೆ ಮೂಲೆಯಿಂದ ಮೂಲೆಗೆ ಏಳು. ಐದೈದಲೆ ಇಪ್ಪತ್ತೈದು, ಎರಡು ಬದಿ ಕೂಡಿ ಐವತ್ತು, ಏಳೇಳಲೆ ನಲವತ್ತೊಂಬತ್ತು. ಒಂದೇ ಒಂದು ಕಡಿಮೆ. ಸಣ್ಣ ಮನೆಗೆ ಸಾಕು. ಗೋಡೆಯ ಮೂಲೆ ಸರಿಯಾಗಿ ಬರಬೇಕಾದರೆ ಮೂರು, ನಾಲ್ಕು, ಐದು ಅಡಿಯ ದಾರ ಹಿಡಿಯುವುದನ್ನು ನಮ್ಮ ಮೇಸ್ತ್ರಿಗಳು ಇವತ್ತೂ ಮಾಡುತ್ತಾರೆ. ಅಳತೆ ಬೇರೆ, ಪ್ರಮಾಣ ಬೇರೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಕೋಲು ಉದ್ದವಿರಲಿ, ಗಿಡ್ಡವಿರಲಿ, ಮೂರು ನಾಲ್ಕು ಐದು ಹಿಡಿದರೆ ಮೂಲೆ ಮೂಲೆಯೇ. ಮನೆಯ ಅಂದ ಪ್ರಮಾಣದಲ್ಲಿದೆ. ಕೋಲಿನ ಉದ್ದ ಎಷ್ಟು ಎಂಬುದು ಬೇಲಿ ಹಾಕುವಾಗ ಮಾತ್ರ ಬೇಕಾಗುತ್ತದೆ.

ಮೇಸ್ತ್ರಿ ಅಂದೆ. ಆ ಶಬ್ದ ಪೋರ್ಚುಗೀಜರ 'ಮೆಸ್ತ್ರಿ'ಯಿಂದ ಬಂದದ್ದು. ಕಮಾನು ಅಂದರೆ ಪರ್ಷಿಯನ್ ಮಾತಿನಲ್ಲಿ ಬಿಲ್ಲು. ಗುಮ್ಮಟ, ದರವಾಜೆ, ಜಮೀನು ಇವೂ ಆ ಕಡೆಯವೇ. ಬಟ್ಟೆ ಅಂಗಡಿಯಲ್ಲಿ ಅಳೆಯುತ್ತಿದ್ದ ಗಜ ಆನೆಯಲ್ಲ, ಪರ್ಷಿಯನ್ನರ 'ಗಜ್' ಎಂಬ ಅಳತೆಗೋಲು. ನಾವು ಗಡಿಯವರು ಒಂದು ಮನೆ ಕಟ್ಟಿಸುವಾಗ ಎಷ್ಟು ದೇಶದ ಮಾತು ಆಡುತ್ತೇವೆ ನೋಡಿ.

ಅಳತೆಯೂ ಹಾಗೆಯೇ. ಪೋರ್ಚುಗೀಜರ ಕಾಲದ ಗೋವೆಯಲ್ಲಿ 'ಪಾಲ್ಮ' ಎಂಬ ಗೇಣು 22 ಸೆಂಟಿಮೀಟರ್, ಐದು ಪಾಲ್ಮಕ್ಕೆ ಒಂದು 'ವಾರ', ಎರಡು ವಾರಕ್ಕೆ ಒಂದು 'ಬ್ರಾಸ'. ಪೋರ್ಚುಗಲ್ 1852ರಲ್ಲಿ ಮೀಟರನ್ನು ಒಪ್ಪಿಕೊಂಡಿತು. ಆಚೆ ಕಾರವಾರದಲ್ಲಿ ಇಂಗ್ಲಿಷರ 33 ಅಡಿಯ ಸರಪಳಿ. ಸರಪಳಿ ಉದ್ದ, ಸರಪಳಿ ಅಗಲ ಒಂದು ಗುಂಟೆ. ಗುಂಟೆಗೆ ಹದಿನಾರು ಆಣೆ, ಎಕರೆಗೆ 40 ಗುಂಟೆ. ಭಾರತದಲ್ಲಿ ಮೆಟ್ರಿಕ್ ಅಳತೆಯ ಕಾಯಿದೆ ಬಂದದ್ದು 1956ರಲ್ಲಿ. ಆದರೂ ಇವತ್ತಿಗೂ ಮಾಜಾಳಿಯವನು ಗುಂಟೆ ಅನ್ನುತ್ತಾನೆ, ಪೊಳೆಯವನು ಚದರ ಮೀಟರ್ ಅನ್ನುತ್ತಾನೆ. ಒಂದು ಗುಂಟೆಗೆ 101 ಚದರ ಮೀಟರ್ ಅಂತ ನೆನಪಿಟ್ಟುಕೊಂಡರೆ ಗಡಿ ದಾಟಿ ಹೆಣ್ಣು ಕೊಟ್ಟವರಿಗೂ ತಂದವರಿಗೂ ಉಪಯೋಗ.

ಈಗ ಮತ್ತೆ ನಮ್ಮ ಜಗಲಿಗೆ ಬರೋಣ. ಪರ್ಸೆಪೊಲಿಸಿನಲ್ಲಿ ಮಾಡಿದ್ದನ್ನು ನಾವೂ ಮಾಡಿದೆವು. ಟೇಪು ಹಿಡಿದು ಮನೆಯನ್ನು ಅಳೆದೆವು. ಚಾವಡಿಯ ಅಗಲ 355 ಸೆಂಟಿಮೀಟರ್, ನಡುಮನೆ 427. ಯಾವುದರಿಂದ ಭಾಗಿಸಿದರೂ ಸರಿಯಾಗಿ ಕೂರಲಿಲ್ಲ. ಎರಡೂವರೆ ಅಡಿಯಿಂದಲೂ ಇಲ್ಲ, ಎರಡೂಕಾಲಿನಿಂದಲೂ ಇಲ್ಲ. ನಾನು ಕೈಬಿಡುವವನಿದ್ದೆ. ಆಗ ಊರಿನ ಹಳೆಯ ಆಚಾರಿಯೊಬ್ಬರು, ಎಂಬತ್ತರ ಹತ್ತಿರದವರು, ಜಗಲಿಯ ಮೇಲೆ ಕವಳ ಹಾಕುತ್ತ ಕೂತಿದ್ದವರು ಹೇಳಿದರು: 'ಮಾಸ್ತರೇ, ಗೋಡೆ ಸುಳ್ಳು ಹೇಳ್ತದೆ. ಕಂಬ ಹೇಳೂದಿಲ್ಲ.'

ನನಗೆ ಅರ್ಥವಾಗಲಿಲ್ಲ. 'ಹಾಗಂದ್ರೆ ಏನು ಆಚಾರ್ರೆ?' ಅಂದೆ. 'ಗೋಡೆಗೆ ಆಮೇಲೆ ಸಿಮೆಂಟಿನ ಗಾರೆ ಬಳಿದಿದ್ದಾರಲ್ಲ. ಕಂಬಕ್ಕೆ ಯಾರು ಬಳಿದಿದ್ದಾರೆ?' ಅಂದರು.

ಜಗಲಿಯ ಕಂಬಗಳನ್ನು ನಡುವಿನಿಂದ ನಡುವಿಗೆ ಅಳೆದೆವು. 216, 217, 216, 215. ಆಮೇಲೆ ಚಾವಡಿಯ ಮೂಲೆಯಲ್ಲಿ ಗಾರೆ ಕೆತ್ತಿ ಚಿರೇಕಲ್ಲಿನಿಂದ ಚಿರೇಕಲ್ಲಿಗೆ ಅಳೆದೆವು: 360. ನಡುಮನೆ 431. ದೇವರ ಕೋಣೆ 252. ಶಾಲೆಯ ಮಕ್ಕಳಿಗೆ ಮಹತ್ತಮ ಸಾಮಾನ್ಯ ಅಪವರ್ತನ ಅಂತ ಕಲಿಸುತ್ತೇವಲ್ಲ, ಅದೇ ಲೆಕ್ಕ. 72ರಿಂದ ಭಾಗಿಸಿದೆ. ಜಗಲಿಯ ಅಂಕಣ ಮೂರು ಕೋಲು. ಚಾವಡಿ ಐದು ಕೋಲು. ನಡುಮನೆ ಆರು ಕೋಲು, ಒಂದು ಸೆಂಟಿಮೀಟರ್ ಕಡಿಮೆ. ದೇವರ ಕೋಣೆ ಮೂರೂವರೆ. ಆಚಾರ್ರು ತಲೆಯಾಡಿಸಿದರು. 'ಕೋಲಿಗೆ 24 ಅಂಗುಲ' ಅಂದರು. 72ನ್ನು 24ರಿಂದ ಭಾಗಿಸಿದರೆ ಅಂಗುಲಕ್ಕೆ ಮೂರು ಸೆಂಟಿಮೀಟರ್. ಕೋಲು ಒಲೆಗೆ ಹೋಗಿದ್ದರೂ ಮನೆ ಅದನ್ನು ನೆನಪಿಟ್ಟುಕೊಂಡಿತ್ತು.

ಆಮೇಲೆ ಪಡುವಣಕ್ಕೆ 22 ಕೋಲು ಹಿಡಿದೆವು. 15 ಮೀಟರ್ 84 ಸೆಂಟಿಮೀಟರ್, ಅಂದರೆ 52 ಅಡಿ. 55ಕ್ಕೂ ಇಲ್ಲ, ನಲವತ್ತೊಂಬತ್ತೂವರೆಗೂ ಇಲ್ಲ. ಗೂಟ ಹೊಡೆದದ್ದು ಬಾವಿಯ ದಾರಿಯ ಸರಿಸುಮಾರು ನಡುವೆ. ಇಬ್ಬರೂ ಆ ಗೂಟವನ್ನು ನೋಡುತ್ತ ನಿಂತರು. ಯಾರೂ ಗೆಲ್ಲಲಿಲ್ಲ. ಅಲ್ಲಿ ಗೋಡೆ ಕಟ್ಟಿದರೆ ಇಬ್ಬರ ಹೆಂಡಂದಿರೂ ಕೊಡ ಹೊತ್ತು ಓರೆಯಾಗಿ ನಡೆಯಬೇಕು. ಕಿರಿಯವನೇ ಮೊದಲು ಬಾಯಿಬಿಟ್ಟ: 'ಅಣ್ಣ, ದಾರಿ ಇದ್ದ ಹಾಗೇ ಇರಲಿ.' ಕಂಪೌಂಡು ದಾರಿಯ ಎರಡು ಕೊನೆಯವರೆಗೆ ಬಂದು ನಿಂತಿದೆ. ನಡುವೆ ದಾರಿ ತೆರೆದೇ ಇದೆ. ಹೊಸದಾಗಿ ಪತ್ರ ಬರೆಸಿದಾಗ ಅದರಲ್ಲಿ ಒಂದು ಸಾಲು ಸೇರಿಸಿದೆವು: ಇಲ್ಲಿ ಒಂದು ಕೋಲು ಅಂದರೆ 72 ಸೆಂಟಿಮೀಟರ್.

ಕೇಳುಗರೆ, ಹಳೆಯ ಮನೆಗಳು ಬೀಳುತ್ತಿವೆ. ಮಕ್ಕಳಿಗೆ ಅನುಕೂಲದ ಮನೆ ಬೇಕು, ಅದು ತಪ್ಪಲ್ಲ. ಆದರೆ ಕೆಡವುವ ಮುಂಚೆ ಒಂದು ದಿನ ಟೇಪು ಹಿಡಿದು ಮನೆಯನ್ನು ಅಳೆದಿಡಿ. ಕಂಬದಿಂದ ಕಂಬಕ್ಕೆ, ಕಲ್ಲಿನಿಂದ ಕಲ್ಲಿಗೆ. ಗಾರೆಯಿಂದ ಗಾರೆಗೆ ಅಲ್ಲ. ಅಟ್ಟದ ಮೇಲೆ ಗೆರೆ ಕೊರೆದ ಮರದ ಕೋಲು ಸಿಕ್ಕರೆ ಸೌದೆ ಅಂತ ಒಲೆಗೆ ಹಾಕಬೇಡಿ. ಹಳೆಯ ಪತ್ರದಲ್ಲಿ ಕೋಲು, ಮೊಳ, ಮಾರು ಎಂಬ ಮಾತಿದ್ದರೆ, ಅದು ಎಷ್ಟೆಂದು ಬಲ್ಲ ಹಿರಿಯರು ಬದುಕಿರುವಾಗಲೇ ಕೇಳಿ ಬರೆದಿಡಿ. ಅಜ್ಜನ ಕೋಲು ನಮಗೆ ಸಿಗಲಿಲ್ಲ. ಆದರೆ ಅವನ ಮನೆ ಇನ್ನೂ ನಿಂತಿತ್ತು, ಆದ್ದರಿಂದ ಬಾವಿಯ ದಾರಿ ಉಳಿಯಿತು.